ಯಾವ ಕೈ

ಶಿಲ್ಪಿಯ ಕಡೆಯ ಹುಡುಗ ಬಂದಿದ್ದ, ನಾರಾಯಣ ಪೇಠೆಗೆ,
ನನ್ನ ಮೂರನೇ ಮಾಳಿಗೆಯ ಖೋಲಿಗೆ, ಏದುಸಿರು ಬಿಡುತ್ತ.
ಎರಕ ಹೊಯ್ಯುವ ಮೊದಲು
ಒಂದೇ ಒಂದು ಸಂಗತಿ ಖಾತ್ರಿಯಾಗಬೇಕಂತೆ:
ಡಾಕ್ಟರ್ ಖಾಂಬೇಟೆ ಬಾಯಿ
ಪ್ರನಾಳ ಹಿಡಿದದ್ದು ಯಾವ ಕೈಯಲ್ಲಿ?

ಕೂಡು ಅಂದೆ. ಚಹಾ ಆಗಲಿ ಅಂದೆ.
ಐವತ್ತೆಂಟು ವರ್ಷ ಯಾರೂ ಕೇಳಲಿಲ್ಲ ತಮ್ಮಾ,
ಇನ್ನು ಹತ್ತು ನಿಮಿಷಕ್ಕೆ ಏನು ಮುಳುಗುತ್ತದೆ.

ಆಗ ನಾನು ಇಂಡಿ ಕಡೆಯಿಂದ ಬಂದ ಹೊಸಬ,
ಘಾರಪುರೆ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವವ.
ಮೊಡವೆ, ಸಿಡುಬಿನ ಕಲೆ, ಮದುಮಗಳ ಮೆಳ್ಳಗಣ್ಣು
ಸೀಸದ ತುದಿಯಲ್ಲೇ ವಾಸಿ ಮಾಡುತ್ತಿದ್ದೆ.
ಮೆಳ್ಳಗಣ್ಣಿಗೆ ನಾಲ್ಕಾಣೆ ಹೆಚ್ಚು.

ಅವರು ಬಂದದ್ದು ಆಷಾಢದಲ್ಲಿ, ಕಚೇರಿಯ ಜೀಪಿನಲ್ಲಿ,
ತೊಡೆಯ ಮೇಲೆ ತಟ್ಟೆ, ತಟ್ಟೆಯ ತುಂಬ ಹಿಟ್ಟು.
ಮಳೆಗೆ ಅದನ್ನು ಒಂದು ಗಳಿಗೆ ಒಡ್ಡಿ ತೆಗೆದರೆ
ಹನಿಗೊಂದು ಉಂಡೆ ಕಟ್ಟುತ್ತದೆ,
ಸಾಸಿವೆಯಷ್ಟು, ಜೋಳದ ಕಾಳಿನಷ್ಟು.
ಒಣಗಿಸಿ, ಜರಡಿ ಹಿಡಿದು, ಎಣಿಸಿ,
ಮೋಡದ ಹೊಟ್ಟೆಯಲ್ಲಿ ಏನಿತ್ತೆಂದು ಹೇಳುವವರು ಅವರು.
ಈ ಹಿಟ್ಟು ಭಾಕ್ರಿಗೆ ಬರೋದಿಲ್ಲ ನೋಡು,
ಅಂತ ನನ್ನ ಕಡೆ ತಿರುಗಿ ನಕ್ಕರು.

ತಟ್ಟೆ ಹಿಡಿದೇ ಕೂಡುತ್ತೇನೆ ಅಂದರು.
ಮಾಲಕರು ಕೈ ಮುಗಿದುಬಿಟ್ಟರು:
ಬಾಯೀ, ಪತ್ರಿಕೆಯಲ್ಲಿ ಹೀಗೆ ಬಂದರೆ
ಅಡುಗೆಯವಳು ಯಾರಿದು ಅಂದಾರು ಜನ.
ಎದುರಿನ ಕನ್ಯಾಶಾಲೆಗೆ ಓಡಿದೆ ನಾನು,
ಒಂದು ಪ್ರನಾಳ ಕಡ ತಂದೆ. ಅದಕ್ಕೆ ನೀರು, ನೀರಿಗೆ
ಧೋತರಕ್ಕೆ ಹಾಕುವ ನೀಲಿ, ಒಂದು ಚಿಟಿಕೆ.
ಕಪ್ಪು ಬಿಳುಪಿನ ಫೋಟೊಕ್ಕೆ ನೀಲಿ ಯಾಕ್ರೀ?
ಬರೀ ನೀರು ಹಿಡಿದರೆ ನೀರಡಿಸಿದಂತೆ ಕಾಣುತ್ತದೋ,
ವಿಜ್ಞಾನ ಅನಿಸೋದಿಲ್ಲ.

ಬಾಯಿ ಅದನ್ನು ಬೆಳಕಿಗೆ ಎತ್ತಿ ನೋಡಿದರು,
ಮಂಡಿಯಲ್ಲಿ ಎಳೆಯದೋ ಬಲಿತದ್ದೋ ಅಂತ
ಬೆಂಡೆಕಾಯಿ ನೋಡುವ ಹಾಗೆ.
ಲೋಕ ಅದನ್ನು ಧ್ಯಾನ ಅಂದಿತು.

ಉಗುರ ಸಂದಿಯಲ್ಲಿ ಹಿಟ್ಟು ಉಳಿದಿತ್ತು.
ನೆಗೆಟಿವ್ ಮೇಲೆ ಅದು ಕಪ್ಪು.
ಬ್ಲೇಡಿನ ಮೂಲೆಯಿಂದ ಹೆರೆದೆ, ಕಂಡ ಏಳೂ ಉಗುರು.
ಹನ್ನೊಂದು ಮಳೆಗಾಲ ಊದಿ ಹಾರಿಸಿದೆ.
ಸಂಬಳ ತಿಂಗಳಿಗೆ ತೊಂಬತ್ತು.

ಆಮೇಲೆ, ಕೆಂಪು ದೀಪ, ನಿದ್ದೆಗಣ್ಣು,
ನೆಗೆಟಿವ್ ಮಗ್ಗಲು ಬದಲಿಸಿ ಇಟ್ಟೆ.

ಎಡದ ಸೆರಗು ಬಲಕ್ಕೆ ಬಿತ್ತು.
ಗಲ್ಲದ ಮಚ್ಚೆ ಮೂಗು ದಾಟಿ ಆಚೆ ದಂಡೆ ಸೇರಿತು.
ಗೊತ್ತಾಗುವ ಹೊತ್ತಿಗೆ ಪ್ರಿಂಟು ಡೆಕ್ಕನ್ ಕ್ವೀನ್ ಹತ್ತಿ
ಮುಂಬೈಯ ಪತ್ರಿಕೆಗೆ ಹೋಗಿಯಾಗಿತ್ತು.

ಮುಂದಿನದು ನಿನಗೆ ಗೊತ್ತು. ಪಠ್ಯಪುಸ್ತಕ, ಗಣಪತಿ ಮಂಟಪ,
ಕ್ಯಾಲೆಂಡರು; ಅದರಲ್ಲಿ ನನ್ನ ನೀಲಿ
ಗುಲಾಬಿ ಶರಬತ್ತಾಯಿತು.
ಸೆರಗು ನೋಡಿ ಗುಜರಾತಿನವರು ನಮ್ಮಾಕೆ ಅಂದರು.
ವೇಷದ ಸ್ಪರ್ಧೆಗೆ ಈಗಲೂ ತಾಯಂದಿರು
ಆರು ವರ್ಷದ ಮಗಳಿಗೆ ಸೆರಗು ಬಲಕ್ಕೇ ಚುಚ್ಚುತ್ತಾರೆ,
ತಪ್ಪಾಗಬಾರದಲ್ಲ.
ಬಾಯಿಯ ತಾಯಿಯೊಬ್ಬಳು ಮಾತ್ರ ಚೌಕಟ್ಟು ಹಿಡಿದು
ನಮ್ಮ ದ್ವಾರಕಿಯ ಹಾಗೇ ಇದ್ದಾಳೆ, ಯಾರಿವಳು, ಅಂದಳಂತೆ.

ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೊನೆಗೆ
ತಪ್ಪೊಪ್ಪಿ ಬರೆದೆ. ಕಾರ್ಡು ಬಂತು:
"ಗುರುಪಾದ, ದಿನಾ ಕನ್ನಡಿಯಲ್ಲಿ ನಾನು ಕಾಣುವುದು
ಇದೇ ಮುಖ. ನನ್ನೊಬ್ಬಳಿಗೆ ಗೊತ್ತಿದ್ದದ್ದು
ಊರಿಗೆಲ್ಲ ಗೊತ್ತಾಯಿತು, ಅಷ್ಟೇ.
ಮಚ್ಚೆಯ ಚಿಂತೆ ಬಿಡು.
ಹಿಟ್ಟು ಯಾಕೆ ಅಳಿಸಿದೆ?"

ಅದಕ್ಕೆ ಉತ್ತರ ಬರೆಯಲಿಲ್ಲ ನಾನು.

ಹುಡುಗನ ಚಹಾ ಕೆನೆಗಟ್ಟಿತ್ತು.
ಹಾಗಾದರೆ ಎಡಗೈಯೋ ಬಲಗೈಯೋ, ಅಜ್ಜಾ?

ಎರಡೂ, ಅಂದೆ.
ತಟ್ಟೆ ಹಿಡಿಯಲಿಕ್ಕೆ ಎರಡೂ ಕೈ ಬೇಕು.

ಅವನು ಮೊಬೈಲಿನಲ್ಲಿ ಏನೋ ಒತ್ತಿಕೊಂಡ.
ಬಲ ಅಂತಲೇ ಇರಬೇಕು.