ಅರ್ಧ ಹಾಜರಿ

ನಾನು ತೋಟದ ರೈಟರ್. ಬೆಳಗ್ಗೆ ಏಳೂವರೆಗೆ
ಹೆಸರು ಕೂಗುತ್ತೇನೆ. ಬಂದವರಿಗೆ ಒಂದು ಗೀಟು,
ಮಧ್ಯಾಹ್ನವೇ ಹೊರಟವರಿಗೆ ಅದರ ಮೇಲೊಂದು ಅಡ್ಡಗೀಟು:
ಅರ್ಧ ಹಾಜರಿ, ಅರ್ಧ ಕೂಲಿ.
ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಿ
ಹುಡುಗರು ಅಲ್ಲಿ ಚೆಂಡು ಒದೆಯತೊಡಗಿದ ಮೇಲೆ
ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ನಮ್ಮ ತಂಡದ ಲೆಕ್ಕ. ಯಾರೂ ಕೇಳಿದ್ದಲ್ಲ.

ಸುಂಟಿಕೊಪ್ಪದಲ್ಲಿ ಸೋತ ರಾತ್ರಿ ಯಾರೂ ಬೇಗ ಮಲಗುವುದಿಲ್ಲ.
ಉಮ್ಮರಾಕನ ಹೋಟೆಲಿನಲ್ಲಿ ಪರೋಟ ಮುಗಿದು
ಕಾವಲಿ ತಣ್ಣಗಾದರೂ ಬೆಂಚು ಬಿಡುವವರಿಲ್ಲ.
‘ಅಜ್ನಾಸನನ್ನು ನಲವತ್ತಕ್ಕೇ ಇಳಿಸಬೇಕಿತ್ತು ಮಾರಾಯ’
ಜೀಪಿನ ಲ್ಯಾನ್ಸಿ ಉಪ್ಪಿನ ಡಬ್ಬಿಯನ್ನು
ಮೇಜಿನ ಎಡ ಅಂಚಿನಲ್ಲಿ ಓಡಿಸುತ್ತಾನೆ:
‘ಇದು ಅಜ್ನಾಸ್. ಇದು ಅವರ ಬ್ಯಾಕು, ಸಕ್ಕರೆ.
ದಣಿದಿದ್ದಾನೆ, ತಿರುಗಲಿಕ್ಕೇ ಆಗ್ತಾ ಇಲ್ಲ...’
ಅಷ್ಟರಲ್ಲಿ ಉಮ್ಮರಾಕ ಸಕ್ಕರೆ ಡಬ್ಬಿ ಎತ್ತಿಕೊಂಡು ಹೋಗಿ
ಯಾರೂ ತಡೆಯದ ಮೈದಾನದಲ್ಲಿ
ಉಪ್ಪು ಗೋಲು ಹೊಡೆಯುತ್ತದೆ.

‘ಓಡಲಿಕ್ಕೆ ನಾಯಿಯೂ ಓಡ್ತದೆ.
ನಮಗೆ ಬೇಕಾದ್ದು ತಲೆ’ ಅನ್ನುತ್ತಾನೆ ಕಟಿಂಗ್ ಶಾಪಿನ ವಿಜೇಶ.
ಅಂದರೆ ಸೆಲ್ವಂ. ಐವತ್ತು ಕಿಲೋ ಮೂಟೆ ಹೊತ್ತು
ಗಟ್ಟಿಯಾದ ಕತ್ತು, ಕಾರ್ನರ್ ಬಂದರೆ ಸಾಕು.
ನಾನು ಪುಸ್ತಕ ಬಿಡಿಸಿದೆ: ಸೆಲ್ವಂ, ಮೂರು ಸೀಸನ್ನಿಗೆ
ನೂರ ನಲವತ್ತು ನಿಮಿಷ, ಎರಡು ಗೋಲು.
ಮೊದಲಿಂದ ಆಡುವ ರಫೀಕ್, ಸಾವಿರದ ನೂರಕ್ಕೆ ಐದು.
ಭಾಗಿಸಿ ನೋಡಿ.
ಯಾರೂ ಭಾಗಿಸಲಿಲ್ಲ. ‘ಆ ಎರಡೂ ಹೊಡೆದದ್ದು
ಪಾಲಿಬೆಟ್ಟದವರಿಗೆ, ಅವರ ಗೋಲಿ ಮದುವೆಗೆ ಹೋಗಿದ್ದ ದಿವಸ!’

ಹವಾಲ್ದಾರ್ ಅಚ್ಚಯ್ಯನವರು ಮೀಸೆ ಒರೆಸಿಕೊಂಡರು.
‘ನಮ್ಮ ಹಾಕಿಯಲ್ಲಿ ಈ ರಗಳೆಯೇ ಇಲ್ಲ.
ದಣಿದವ ಬರ್ತಾನೆ, ನೀರು ಕುಡೀತಾನೆ, ಮತ್ತೆ ಹೋಗ್ತಾನೆ.
ನಿಮ್ಮದೆಂತ ಆಟ, ಒಮ್ಮೆ ಹೊರಗೆ ಬಂದವ
ಸತ್ತವನ ಹಾಗೆ.’
ಮತ್ತೆ ಹಾಕಿಯೋ ಫುಟ್‌ಬಾಲೋ ಎಂದು ಅರ್ಧ ಗಂಟೆ.
ಕಟ್ಟನ್ ಚಾಯ ಇನ್ನೊಂದು ಸುತ್ತು.

ಆಗ ನಾನು ‘ಜಡೆಯ’ ಅಂದೆ.
‘ಯಾವ ಜಡೆಯ?’

ಹಾಡಿಯಿಂದ ಬರುವವ. ಹತ್ತೊಂಬತ್ತನೇ ನಂಬರು.
ಮೂರು ಸೀಸನ್ನಿಗೆ ಒಟ್ಟು ಹನ್ನೊಂದು ನಿಮಿಷ.
ಕಳೆದ ವರ್ಷ ಚೆಟ್ಟಳ್ಳಿಯಲ್ಲಿ ಅರವತ್ನಾಲ್ಕಕ್ಕೆ ಇಳಿಸಿದ್ದರು.
ಅರವತ್ತಾರಕ್ಕೆ ಮೇಲಿನ ತೋಟದಿಂದ ಪಟಾಕಿ, ಕೂಗು:
ಆನೆ, ಮರಿ ಉಂಟು, ಇತ್ತ ಇಳೀತಾ ಉಂಟು.
ರೆಫರಿ ಸೀಟಿ ಊದಿದ. ಹನ್ನೊಂದೂ ಹನ್ನೊಂದೂ ಒಂದೇ ತಂಡವಾಗಿ
ಜೀಪಿನ ಕಡೆ ಓಡಿದವು.
ಚೆಂಡು ಮಾತ್ರ ಇನ್ನೂ ಗಾಳಿಯಲ್ಲಿತ್ತು,
ಅವನ ಕಡೆಗೇ ಬರುತ್ತಿತ್ತು.
ಎದೆಯಲ್ಲಿ ತಡೆದ. ಕಾಲ ಬಳಿ ಬೀಳಗೊಟ್ಟ.
ಪೇಪರ್ ತುರುಕಿದ ಯಾರದೋ ಬೂಟಿನಲ್ಲಿ
ಇಪ್ಪತ್ತೈದು ಗಜದಿಂದ ಹೊಡೆದ.
ಬಲೆ ಉಬ್ಬಿದ್ದು ನೋಡಿದವ ನಾನೊಬ್ಬ.
ಇದ್ದದ್ದು ಒಂದೇ ಚೆಂಡಲ್ಲವೇ, ಮತ್ತೆ ತಾನೇ ಹೋಗಿ
ಬಲೆಯಿಂದ ಬಿಡಿಸಿ ಕಂಕುಳಲ್ಲಿಟ್ಟು ಓಡಿ ಬಂದ.

‘ಸೀಟಿ ಆದ ಮೇಲಿನದ್ದು ಲೆಕ್ಕಕ್ಕಿಲ್ಲ ರೈಟರೇ’ ಎಂದ ಲ್ಯಾನ್ಸಿ.
ಮೆತ್ತಗೇ ಅಂದ. ಅದೂ ಸರಿಯೇ.
ಉಪ್ಪಿನ ಡಬ್ಬಿ ಮತ್ತೆ ಎಡ ಅಂಚಿಗೆ ಹೋಯಿತು.

ಅವರಿಗೆ ಹೇಳದ್ದು ಒಂದುಂಟು.
ಹತ್ತು ಮ್ಯಾಚಿಗೆ ಹತ್ತು ಮಧ್ಯಾಹ್ನ ಅವನು ಕೆಲಸ ಬಿಟ್ಟು ಬಂದು
ಬೂಟು ಕಟ್ಟಿ ಬೆಂಚಿನಲ್ಲಿ ಕೂತಿದ್ದಾನೆ.
ಹತ್ತೂ ದಿನ ಪುಸ್ತಕದ ಮುಂದಿನ ಹಾಳೆಯಲ್ಲಿ
ಅಡ್ಡಗೀಟು ಹಾಕಿದ್ದು ಈ ಕೈ.
ನಿನ್ನೆಯದೂ ಸೇರಿ.

ಇವತ್ತು ಬೆಳಗ್ಗೆ ಹೆಸರು ಕೂಗಿದೆ.
ಸಾಲಿನ ಕೊನೆಯಿಂದ, ಮಂಜಿನೊಳಗಿಂದ ಅಂದ:
‘ಇವತ್ತು ಮ್ಯಾಚಿಲ್ಲ ಸಾರ್.
ಪೂರ್ತಿ ಇರ್ತೇನೆ.’