ಚೀಟಿಯ ಹಿಂಬದಿ

ರೂವಿಯ ಲಾಂಡ್ರಿಯಲ್ಲಿ ಚೀಟಿ ಬರೆಯುವವಳು ನಾನು:
ಬಿಳಿ ದಿಶ್‌ದಾಶ ಆರು, ಕಸೂತಿ ಟೋಪಿ ಎರಡು,
ಕಾಲರಿನಲ್ಲಿ ಕರೆ, ಅತ್ತರಿನದಿರಬೇಕು.
ತಪ್ಪಿದ ಚೀಟಿಗಳ ಹಿಂಬದಿಯಲ್ಲಿ ಪದ್ಯ.

ಶುಕ್ರವಾರ ಆರಾಧನೆ ಮುಗಿದು ಚಹಾ ಹೀರುತ್ತ
ಜಯಾನಂದ ಅಯ್ಯನವರು ಕೇಳಿದರು:
"ಇದು ಕರೆಯೋ ತಬಿಥಾ, ಬರೀ ವರವೋ?"
ಹೂತಿಟ್ಟ ತಲಾಂತಿನ ಮಾತು ತೆಗೆಯುವಷ್ಟರಲ್ಲಿ
ಕ್ಯಾಂಪಿನ ಬಸ್ಸು ಹಾರ್ನು ಹಾಕಿತು.

ರಾತ್ರಿ ಎಸಿ ಆರಿಸಿ, ಬೆವರುತ್ತ, ಕಿವಿಗೊಟ್ಟು ಕೂತೆ.
ಸಮುವೇಲನನ್ನು ಹೆಸರು ಹಿಡಿದು ಕೂಗಿದವನು
ನನ್ನ ಹೆಸರೆತ್ತಲಿಲ್ಲ.
ಬಂದದ್ದು ಮೂಲ್ಕಿಯಿಂದ ಅಮ್ಮನ ಕರೆ,
ವರ ನೋಡಿದ್ದಾಳಂತೆ.

ಇನ್ನೊಂದನ್ನೂ ಹೇಳಿಬಿಡಬೇಕು:
ಸಭೆಯ ಕ್ರಿಸ್ಮಸ್ ಸಂಚಿಕೆಯಲ್ಲಿ ನನ್ನ ಪದ್ಯದ ಕೆಳಗೆ
ಬೇರೆಯವರ ಹೆಸರು ಅಚ್ಚಾದಾಗ
ಎರಡು ವಾರ ಯಾರೊಡನೆಯೂ ಮಾತಾಡಲಿಲ್ಲ.
ದೇವರ ಕೆಲಸವಾದರೆ ಇಷ್ಟು ಮುನಿಸೇಕೆ?

ಇವತ್ತು ಒಬ್ಬರ ಜೇಬಿನಲ್ಲಿ ಪೆನ್ನು ಸೋರಿತ್ತು.
ನಿಂಬೆ, ಸ್ಪಿರಿಟ್, ಹಬೆ, ಯಾವುದಕ್ಕೂ ಜಗ್ಗದೆ
ಎದೆಯ ಮೇಲೆ ನೀಲಿ.
ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಬರೆದೆ,
ಕನ್ನಡದಲ್ಲೊಮ್ಮೆ ಬಾಯೊಳಗೇ ಅಂದುಕೊಂಡೆ:
ಕರೆ ಹೋಗಲಿಲ್ಲ.

ಚೀಟಿ ಮಗುಚಿದೆ.