ಗೇಣುದ್ದಕ್ಕ ಎರಡು ಕಿಲೋ

ನಲವತ್ತು ವರ್ಷ
ನನ್ನ ಬಲಗೈ ಹೆಬ್ಬೆಟ್ಟೇ ನನಗ ಮೀಟರು.
ನಟ್ಟು ತಿರುಗಿ ತಿರುಗಿ ಒಂದು ಕಡಿ
ಸಾಕಪ್ಪಾ ಅಂತಿತ್ತು,
ಬಟ್ಟಿಗಿ ಕೇಳಸ್ತಿತ್ತು, ಬಿಡ್ತಿದ್ದೆ.
ಶಹಾಬಾದ ಸ್ಟೇಷನ್ ಗೇಟಿನ ಮುಂದ, ಫರಸಿ ಕಟ್ಟಿ ಮ್ಯಾಲ,
ಎಷ್ಟು ಸೈಕಲ್ಲು, ಲೆಕ್ಕ ಇಟ್ಟಿಲ್ಲ.
ಕಬ್ಬಿಣ ಭಾಳ ಸೈಸ್ತದ.
ಹೆಚ್ಚು ಬಿಗದ್ರ ಥ್ರೆಡ್ಡು ಹೋಗ್ತಿತ್ತು,
ಎಂಟಾಣೆಕ ಹೊಸಾ ನಟ್ಟು.

ಈಗ ಸಕ್ಕರಿ ಬ್ಯಾನಿ. ಬಟ್ಟು ಜೋಮು ಹಿಡದಾವ.
ತಂತಿ ಚುಚ್ಚಿದ್ರ ರಕ್ತ ನೋಡೇ ತಿಳಕೋಬೇಕು.
ಗಿರಾಕಿಗಿ ಹೇಳಿದ್ದಿಲ್ಲ,
ಮನ್ಯಾಗೂ ಹೇಳಿದ್ದಿಲ್ಲ.

ತಾಂಡಾದ ಹುಡುಗಿ ರೋಹಿಣಿ ಜಾಧವ
ಕ್ರೀಡಾ ಹಾಸ್ಟೆಲ್ಲಿನವರು ಕೊಟ್ಟ ಕಾರ್ಬನ್ ಸೈಕಲ್ ತಂದಳು.
ಒಂದೇ ಕೈಲೆ ಎತ್ತಿದೆ, ಖಾಲಿ ಬುಟ್ಟಿ ಎತ್ತಿದಂಗ.
"ಸೈಬಣ್ಣ ಮಾಮಾ, ಸೀಟು ಒಂದು ಬಟ್ಟು ಏರಸು."
ಏರಸಿದೆ. ಬಿಗದೆ.
ಸಾಕು ಅನ್ನೋ ಮಾತು ಬರಲಿಲ್ಲ. ಇನ್ನಾ ಬಿಗದೆ.
ಹಪ್ಪಳ ಮುರದಂಗ ಸಣ್ಣ ಸಪ್ಪಳ.
ಕರೀ ಕೊಳವಿ ಮ್ಯಾಲ ಕೂದಲೆಳಿಯಷ್ಟು ಬಿರುಕು.
ಆಕಿ ಏನೂ ಅನ್ಲಿಲ್ಲ. ಅಂದಿದ್ರ ಚಲೋ ಇತ್ತು.
ಹೊಸಾ ಕೊಳವಿಗಿ ಆರು ಸಾವಿರ ನಾನೇ ಕಟ್ಟಿದೆ.
ಅದನ್ನ ಹಿಡಿಯೋ ಬಳಿ ಮ್ಯಾಲ ಇರುವಿಯಂಥ ಅಕ್ಷರ:
ಐದು ನ್ಯೂಟನ್ ಮೀಟರ್.
ಮೊದಲಿಂದಲೂ ಬರದಿತ್ತು.

ಸುದ್ದಿ ಕೇಳಿ ಲಾಡ್ಲೇಸಾಬ ಬಂದ,
ಸಿಮೆಂಟ್ ಫ್ಯಾಕ್ಟರಿ ಫಿಟ್ಟರ್ ಇದ್ದವ,
ರಿಟೈರ್ ಆದ ದಿನ ಶಾಲು ಬ್ಯಾಡಂದು
ಟಾರ್ಕ್ ರೆಂಚು ಕೇಳಿ ಮನಿಗಿ ಒಯ್ದವ.
ಬಂದೂಕಿನಂಗ ಹೆಗಲ ಮ್ಯಾಲ ಹೊತ್ತು ತಂದಿದ್ದ.
"ಭಟ್ಟಿ ಬೋಲ್ಟು ಇದರಾಗೇ ಬಿಗದೀನಿ, ಇಟ್ಟಕೋ."
ಅದರ ಲೆಕ್ಕ ಶುರು ಆಗೋದೇ ನೂರರಿಂದ.
ಆನಿ ತೂಗೋ ತಕ್ಕಡ್ಯಾಗ ಏಲಕ್ಕಿ ಇಟ್ಟು ಏನು ಕೇಳ್ತಿ?
ಇಬ್ಬರೂ ನಕ್ಕೆವು. ಚಾ ಕುಡದೆವು. ತಿರುಗಿ ಹೊತ್ತುಕೊಂಡು ಹೋದ.

ಕಲಬುರಗಿ, ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿ.
ಗೋವರ್ಧನ ಸೇಠರು ಮೂರು ರೆಂಚು ಮುಂದಿಟ್ಟರು.
ಒಂದು ಐದಕ್ಕೇ ಹುಟ್ಟಿದ್ದು, ಐದಕ್ಕೇ ನಿಲ್ಲೋದು.
ಹ್ಯಾಂಡಲ್ಲಿಗಿ ನಾಕು ಬೇಕಂದ್ರ ಮಾರಿ ತಿರುವ್ತದ.
ಇನ್ನೊಂದು ಭಾರಿ ಚಂದ, ಬೆಳ್ಳಿ ಬಣ್ಣ:
"ಅಳತಿ ಮುಟ್ಟಿದ್ರ ಟಕ್ ಅಂತದ್ರಿ, ಕೈಗಿ ತಿಳೀತದ.
ಕೆಲಸಾದ ಮ್ಯಾಲ ಸ್ಪ್ರಿಂಗ್ ಸಡಲ ಬಿಟ್ಟು ಮಲಗಸಬೇಕು,
ಇಲ್ಲಂದ್ರ ಸುಳ್ಳು ಹೇಳ್ಲಾಕ ಕಲೀತದ."
ಕೈಗಿ ತಿಳೀತದ, ಅಂದ್ರು.
ಬಾಜೂಕ ಹಗಲೆಲ್ಲಾ ಫರಸಿ ಪಾಲಿಶ್ ಮಷಿನ್ನು;
ಕಿವಿಗೂ ಆ ಟಕ್ ಬರಂಗಿಲ್ಲ.

ಮೂರನೇದು ಸಾದಾ.
ಒಂದು ಸಲಾಕಿ, ಅದರ ಬಾಜೂ ಒಂದು ಮುಳ್ಳು,
ಕೆಳಗ ಸೊನ್ನಿಯಿಂದ ಹದಿನೈದು.
ಸಲಾಕಿ ಬಾಗ್ತದ, ಮುಳ್ಳು ಬಾಗಂಗಿಲ್ಲ.
ಅದರ ವಿದ್ಯಾ ಇಷ್ಟೇ.
"ಹಳೀ ಕಾಲದ್ದು, ಯಾರೂ ಒಯ್ಯಂಗಿಲ್ಲ.
ಮತ್ತ ನೆಟ್ಟಗ ಮ್ಯಾಲಿಂದ ನೋಡಬೇಕು,
ವಾರಿ ನೋಡಿದ್ರ ತಪ್ಪು ತೋರಸ್ತದ."
ಚಸ್ಮಾ ಒರಸಕೊಂಡೆ. ಕಣ್ಣು ಇನ್ನಾ ನನ್ನವೇ ಅವ.
ಅದನ್ನೇ ಕಟ್ಟಸಿಕೊಂಡೆ.

ಆದ್ರ ಯಾರ ಮಾತಿನ ಮ್ಯಾಲ ನಂಬಲಿ?
ರಾತ್ರಿ ವೈಸಿನಾಗ ಅದರ ಮೂತಿ ಹಿಡದು ಅಡ್ಡ ನಿಲ್ಲಸಿದೆ.
ಲಾಡ್ಲೇಸಾಬ ಮೊಳಿಲೆ ಫರಸಿ ಮ್ಯಾಲ ಲೆಕ್ಕ ಗೀಚಿದ:
ಗೇಣಿನ ಮ್ಯಾಲ ಒಂದು ಬಟ್ಟು ದೂರ, ಹಿಡಿಕಿ ನಡಕ,
ಎರಡು ಕಿಲೋ ಜೋತು ಬಿಡು.
ಮನ್ಯಾಗ ಎರಡು ಕಿಲೋ ಅಂದ್ರ ತೊಗರಿಬ್ಯಾಳಿ ಚೀಲ.
ಮುಳ್ಳು ಸರದು ಸರದು
ಐದರ ಹೊಸ್ತಲಕ ನಿಂತಿತು, ಒಳಗ ಬರವಲ್ದು.
"ಒಂದು ಮುಟಗಿ ಇನ್ನಾ ಹಾಕು."
ಹಾಕಿದೆ.
ಐದು.
ಇಷ್ಟೇನಾ? ಇಷ್ಟೇ ಇಷ್ಟು ಸಾಕಿತ್ತಾ ಅದಕ?

ಈರಮ್ಮ ಸೌಟು ಹಿಡದು ಬಾಗಿಲಿಗಿ ಬಂದಳು.
ಒಲಿ ಮ್ಯಾಲ ನೀರು ಕುದ್ದು ಅರ್ಧ ಆಗ್ಯಾವ, ಬ್ಯಾಳಿ ಎಲ್ಲಿ?
ಲಾಡ್ಲೇಸಾಬ ಚಪ್ಪಲಿ ಹುಡಕ್ಲಾಕ ಹತ್ತಿದ.
ಆಗ ಹೇಳಿದೆ ಆಕಿಗಿ ಬಟ್ಟಿನ ಸುದ್ದಿ.
ಸೌಟು ಇಟ್ಟಳು. ನನ್ನ ಹೆಬ್ಬೆಟ್ಟು ಹಿಡದು ಒತ್ತಿದಳು.
ತಿಳೀಲಕತ್ತದೇನು?
ನಾ ಕೈ ನೋಡ್ಲಿಲ್ಲ, ಆಕಿ ಮಾರಿ ನೋಡಿದೆ, ನೆಟ್ಟಗ.
ಐದಕ್ಕಿಂತ ಜಾಸ್ತಿ ಇತ್ತು.

ಬ್ಯಾಳಿ ಬಿಚ್ಚಿಕೊಡು ಮದಲ, ಅಂದಳು.